ಕೈಕೆಲಸವೆಂಬ ಕಾಣಿಕೆ



ಶತಮಾನೋತ್ಸವದ ಈ ಶುಭವೇಳೆಯಲ್ಲಿ ನಾವು ಈ ದೇವಾಲಯಕ್ಕೆ ಅಡಿಗಲ್ಲಿಟ್ಟವರನ್ನು ಸ್ಮರಿಸುತ್ತೇವೆ. ಆದರೆ ಕಲ್ಲು ಕೆತ್ತಿದವರನ್ನೂ ತೊಲೆ ಕೂಡಿಸಿದವರನ್ನೂ ನಾವು ಅಷ್ಟಾಗಿ ನೆನೆಯುವುದಿಲ್ಲ. ಕೈಕೆಲಸವೂ ದೇವಸೇವೆಯೇ ಎಂಬುದನ್ನು ಮನಗಾಣಲು ಪರದೇಶದಲ್ಲಿ ದುಡಿದು ಮಡಿದ ಒಬ್ಬ ಯಾಜಕರ ಕಥೆಯನ್ನು ಇಂದು ನೆನೆಯೋಣ.

ಇಂದಿನ ಬೆಲ್ಜಿಯಂ ದೇಶದ ಪಿಟ್ಟೆಮ್ ಎಂಬ ಹಳ್ಳಿಯಲ್ಲಿ 1623ರಲ್ಲಿ ಜನಿಸಿದ ಫರ್ಡಿನಾಂಡ್ ವರ್ಬಿಸ್ಟರು ಯೇಸು ಸಭೆಯನ್ನು ಸೇರಿ ಚೀನಾ ದೇಶಕ್ಕೆ ತೆರಳಿದರು. ಖಗೋಳಶಾಸ್ತ್ರದಲ್ಲಿ ಹಿರಿಯ ಗುರು ಆಡಮ್ ಶಾಲರಿಗೆ ನೆರವಾಗಲು 1660ರಲ್ಲಿ ಅವರನ್ನು ಬೀಜಿಂಗಿಗೆ ಕರೆಸಲಾಯಿತು. ನಾಲ್ಕೇ ವರ್ಷಗಳಲ್ಲಿ ವಿರೋಧಿಗಳ ದೂರಿನಿಂದ ಇಬ್ಬರೂ ಸಂಕೋಲೆ ತೊಟ್ಟು ಸೆರೆಮನೆ ಸೇರಿದರು. ಪಾರ್ಶ್ವವಾಯುವಿನಿಂದ ಶಾಲರ ಮಾತು ನಿಂತಿತ್ತು. ವಿಚಾರಣೆಯಲ್ಲಿ ಅವರ ಪರವಾಗಿ ವರ್ಬಿಸ್ಟರೇ ನುಡಿದರು. 1665ರಲ್ಲಿ ಬಿಡುಗಡೆಯೇನೋ ಆಯಿತು, ಆದರೆ ಮರುವರ್ಷವೇ ಶಾಲರು ದೈವಾಧೀನರಾದರು.

ನೊಂದ ವರ್ಬಿಸ್ಟರು ತಾಯ್ನಾಡಿಗೆ ಮರಳಲಿಲ್ಲ. ನೆಟ್ಟ ಕಂಬದ ನೆರಳು ಎಲ್ಲಿಯವರೆಗೆ ಚಾಚುವುದೆಂದು ಮುಂಚಿತವಾಗಿಯೇ ಗಣಿಸಿ ತೋರಿಸಿ, ತಮ್ಮ ಲೆಕ್ಕವೇ ಸರಿಯೆಂದು ಸಿದ್ಧಪಡಿಸಿದರು. 1669ರಲ್ಲಿ ಯುವ ಚಕ್ರವರ್ತಿ ಕಾಂಗ್ಸಿ ಅವರನ್ನು ಖಗೋಳ ಇಲಾಖೆಗೆ ನೇಮಿಸಿದನು. ಬೀಜಿಂಗ್ ವೀಕ್ಷಣಾಲಯಕ್ಕಾಗಿ ಅವರು ಮಾಡಿಸಿದ ಕಂಚಿನ ಉಪಕರಣಗಳು ಇಂದಿಗೂ ಅಲ್ಲಿವೆ.

1672ರ ಸುಮಾರಿಗೆ ಅವರು ಒಂದು ಪುಟ್ಟ ಬಂಡಿಯನ್ನು ರೂಪಿಸಿದರು. ಅದರ ಉದ್ದ ಎರಡಡಿಗಿಂತ ತುಸು ಹೆಚ್ಚು. ಒಳಗೆ ಕೆಂಡ, ಅದರ ಮೇಲೆ ನೀರಿನ ಪಾತ್ರೆ. ಕಿರುಬಾಯಿಯಿಂದ ರಭಸವಾಗಿ ಹೊಮ್ಮಿದ ಉಗಿ ರೆಕ್ಕೆಗಳುಳ್ಳ ಚಕ್ರವನ್ನು ತಿರುಗಿಸಿದರೆ, ಹಲ್ಲುಗಾಲಿಗಳ ಮೂಲಕ ಆ ಚಲನೆ ಬಂಡಿಯ ಅಚ್ಚಿಗೆ ತಲಪುತ್ತಿತ್ತು. ಎತ್ತು ಕುದುರೆಗಳ ಹಂಗಿಲ್ಲದೆ ಅದು ಒಂದು ಗಂಟೆಗೂ ಮಿಕ್ಕಿ ಓಡುತ್ತಿತ್ತೆಂದು 1687ರಲ್ಲಿ ಅಚ್ಚಾದ ತಮ್ಮ ಲ್ಯಾಟಿನ್ ಗ್ರಂಥದಲ್ಲಿ ಅವರೇ ವಿವರಿಸಿದ್ದಾರೆ.

ಆ ಬಂಡಿ ಒಬ್ಬ ಮನುಷ್ಯನನ್ನೂ ಹೊರುವಂತಿರಲಿಲ್ಲ. ಕಾರ್ಲ್ ಬೆನ್ಸ್ ತನ್ನ ಮೋಟಾರು ಗಾಡಿಗೆ ಹಕ್ಕುಪತ್ರ ಕೋರಿದ್ದು 1886ರಲ್ಲಿ, ಎಂದರೆ ಇನ್ನೂರು ವರ್ಷಗಳ ತರುವಾಯ. 1688ರಲ್ಲಿ ಬೀಜಿಂಗಿನಲ್ಲಿಯೇ ಕಣ್ಮುಚ್ಚಿದ ವರ್ಬಿಸ್ಟರು ಅದಾವುದನ್ನೂ ಕಾಣಲಿಲ್ಲ. ಶಾಲರು ವಿಶ್ರಮಿಸಿದ ನೆಲದಲ್ಲಿಯೇ ಅವರಿಗೂ ಸಮಾಧಿಯಾಯಿತು.

ಪ್ರಿಯರೇ, ನಮ್ಮ ದೇವಾಲಯವನ್ನು ಕಟ್ಟಿದ ಕೈಗಳೂ ಈ ಶತಮಾನೋತ್ಸವವನ್ನು ಕಾಣಲಿಲ್ಲ. ಬಿತ್ತುವವನೊಬ್ಬ, ಕೊಯ್ಯುವವನು ಇನ್ನೊಬ್ಬ. ಫಲವನ್ನು ಕಾಣದಿದ್ದರೂ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುವುದೇ ವಿಶ್ವಾಸ. ಮುಂದಿನ ನೂರು ವರ್ಷಗಳಿಗಾಗಿ ನಾವೂ ನಮ್ಮ ಪಾಲಿನ ಕಲ್ಲನ್ನು ಓರೆಯಿಲ್ಲದಂತೆ ಇಡೋಣ. ದೇವರು ನಮ್ಮೆಲ್ಲರ ಕೈಗಳನ್ನು ಆಶೀರ್ವದಿಸಲಿ.