ಗಾಲಿಯ ಮನೆಯಲ್ಲಿ ಇಲಿ ಸಂಸಾರ

ನ್ಯೂಜೆರ್ಸಿಯ ನಮ್ಮ ಊರಿನಲ್ಲಿ ಮೋಟರ್‌ಹೋಮನ್ನು ಮನೆಯ ಮುಂದೆ ನಿಲ್ಲಿಸುವಂತಿಲ್ಲ. ಹೀಗಾಗಿ ಅದನ್ನು 20 ಮೈಲಿ ದೂರದ ಬಾಡಿಗೆ ಜಾಗದಲ್ಲಿ ಬಿಟ್ಟೆವು. ಚಳಿಗಾಲಕ್ಕೆ ಮುನ್ನ ನೀರನ್ನು ಬಸಿದು, ಕೊಳವೆಗಳಿಗೆ ಗುಲಾಬಿ ಬಣ್ಣದ ಆಂಟಿಫ್ರೀಜ್ ತುಂಬಿದ್ದೆ. ಬ್ಯಾಟರಿ ಬಿಚ್ಚಲು ಮರೆತಿದ್ದೆ. ಏಪ್ರಿಲ್‌ನಲ್ಲಿ ಹೋಗಿ ನೋಡಿದರೆ ಬ್ಯಾಟರಿ ಸತ್ತಿತ್ತು, ಹಾಸಿಗೆಯೊಳಗೆ ಇಲಿ ಸಂಸಾರ ಹೂಡಿತ್ತು!

ನಮ್ಮ ಶ್ರೀಮತಿಯವರು ಪೊರಕೆ ಎತ್ತಿದರು. "ಬೇಡ!" ಎಂದು ಕೂಗಿದೆ. 1993ರಲ್ಲಿ ಅಮೆರಿಕದ ನೈಋತ್ಯ ರಾಜ್ಯಗಳಲ್ಲಿ ಹಲವರನ್ನು ಬಲಿತೆಗೆದುಕೊಂಡ ಹಂಟಾವೈರಸ್ ನೆನಪಾಗಿತ್ತು. ರೋಗ ಅಪರೂಪದ್ದು, ಆದರೆ ಕೆಲವು ಜಾತಿಯ ಇಲಿಗಳ ಹಿಕ್ಕೆ, ಮೂತ್ರದ ಧೂಳಿನ ಮೂಲಕ ಶ್ವಾಸಕೋಶ ಸೇರುತ್ತದೆ. ಆದ್ದರಿಂದ ಪೊರಕೆಯೂ ಬೇಡ, ವ್ಯಾಕ್ಯೂಮೂ ಬೇಡ. ಬಾಗಿಲು ಕಿಟಕಿ ತೆರೆದು ಅರ್ಧ ಗಂಟೆ ಹೊರಗಿರಿ. ಕೈಗವಸು ಹಾಕಿಕೊಂಡು, 1 ಪಾಲು ಬ್ಲೀಚಿಗೆ 9 ಪಾಲು ನೀರು ಬೆರೆಸಿ ಹಿಕ್ಕೆಯನ್ನು ನೆನೆಸಿ. 5 ನಿಮಿಷದ ನಂತರ ಪೇಪರ್ ಟವೆಲಿನಿಂದ ಒರೆಸಿ, ಚೀಲದಲ್ಲಿ ಕಟ್ಟಿ ಎಸೆಯಿರಿ.

"ತಿಂಗಳಿಗೊಮ್ಮೆ ಬಂದು ನೋಡಿದ್ದರೆ ಇಷ್ಟೆಲ್ಲ ಆಗುತ್ತಿತ್ತೇ?" ಎಂದರು ಶ್ರೀಮತಿ. ರೋಗಿಗಳಿಗೆ "ತಪಾಸಣೆ ತಪ್ಪಿಸಬೇಡಿ" ಎಂದು ದಿನವೂ ಹೇಳುವ ನನ್ನ ಬಳಿ ಉತ್ತರವಿರಲಿಲ್ಲ. ಈಗ ತಪ್ಪದೆ ಹೋಗುತ್ತೇನೆ. ದೂರವಿಟ್ಟದ್ದನ್ನು ನೀವೂ ಆಗಾಗ ಹೋಗಿ ನೋಡಿ.