ಕಸುಬಿನ ಕಲಿಕೆ: ಶಾಲೆಗೂ ಕಾರ್ಖಾನೆಗೂ ಸೇರಿದ ಹೊಣೆ



ದಡದ ಮೇಲೆ ನಿಂತು ಈಜು ಕಲಿತವರು ಯಾರೂ ಇಲ್ಲ. ಲೇತ್ ಯಂತ್ರದ ಅಂಗಾಂಗಗಳ ಹೆಸರನ್ನು ಪುಸ್ತಕದಿಂದ ತಿಳಿಯಬಹುದು. ಆದರೆ ಉಳಿಯು ಲೋಹವನ್ನು ಸರಿಯಾಗಿ ಕೊಯ್ಯುತ್ತಿದೆಯೇ ಇಲ್ಲವೇ ಎಂಬುದನ್ನು ಅದರ ಸದ್ದಿನಿಂದಲೇ ಗುರುತಿಸುವ ಕಿವಿ ಪುಸ್ತಕದಿಂದ ಬರತಕ್ಕದ್ದಲ್ಲ. ಅದು ಬಲ್ಲವನ ಬಳಿಯಲ್ಲಿ ನಿಂತು ಬಹುಕಾಲ ದುಡಿದವನಿಗೆ ಮಾತ್ರ ಲಭಿಸುವುದು.

ನಮ್ಮ ಹಿರಿಯರಿಗೆ ಇದು ಹೊಸ ಮಾತಲ್ಲ. ಕಮ್ಮಾರನ ಮಗನು ತಿದಿಯೊತ್ತುತ್ತ ಕಮ್ಮಾರಿಕೆಯನ್ನು ಕಲಿತನು. ಅಕ್ಕಸಾಲಿಯ ಮಗನು ಚಿಮಟ ಹಿಡಿಯುತ್ತ ತಂದೆಯ ಕೈಚಳಕವನ್ನು ಪಡೆದನು. ಆ ಪದ್ಧತಿಯ ಗುಣ ದೊಡ್ಡದು, ದೋಷವೂ ದೊಡ್ಡದು. ವಿದ್ಯೆಯು ಕುಲದ ಗೋಡೆಯನ್ನು ದಾಟಲಿಲ್ಲ. ಕಲಿತದ್ದಕ್ಕೆ ಪರೀಕ್ಷೆಯಾಗಲಿ, ಕಲಿಯುವವನ ದುಡಿಮೆಗೆ ಮಿತಿಯಾಗಲಿ ಇರಲಿಲ್ಲ. ಗುಣವನ್ನು ಉಳಿಸಿಕೊಂಡು ದೋಷವನ್ನು ಕಳೆಯುವುದು ಹೇಗೆ ಎಂಬುದೇ ಇಂದಿನ ವಿಚಾರ.

ಇದಕ್ಕೆ ಅಡ್ಡವಾಗಿ ಎರಡು ಭಯಗಳು ನಿಂತಿವೆ. ‘ನಾನು ಹಣವನ್ನೂ ಹೊತ್ತನ್ನೂ ವ್ಯಯಮಾಡಿ ಕಲಿಸಿದ ಹುಡುಗನು ನಾಳೆ ನೆರೆಯ ಕಾರ್ಖಾನೆಗೆ ಹೋದರೆ ನನಗೇನು ಲಾಭ?’ ಎಂಬುದು ಯಜಮಾನನ ಭಯ. ‘ಕಲಿಸುವ ನೆಪದಲ್ಲಿ ಅಗ್ಗದ ಕೂಲಿಗೆ ದುಡಿಸಿಕೊಂಡು, ಕಸ ಗುಡಿಸಲು ನಿಲ್ಲಿಸಿದರೆ ನಮ್ಮ ಮಗುವಿನ ಗತಿಯೇನು?’ ಎಂಬುದು ತಂದೆತಾಯಿಗಳ ಭಯ. ಎರಡೂ ನಿರಾಧಾರವಲ್ಲ. ಆದುದರಿಂದ ಉಪದೇಶದಿಂದ ಇವು ಹೋಗಲಾರವು, ಏರ್ಪಾಟಿನಿಂದ ಹೋಗಬೇಕು.

ಜರ್ಮನಿ ದೇಶದ ಏರ್ಪಾಟನ್ನು ನೋಡೋಣ. ಅಲ್ಲಿ 1969ರ ಶಾಸನದ ಮೇರೆಗೆ ಕಲಿಯುವವರು ವಾರದ ಬಹುಭಾಗವನ್ನು ಕಾರ್ಖಾನೆಯಲ್ಲಿ, ಒಂದೆರಡು ದಿನಗಳನ್ನು ಶಾಲೆಯಲ್ಲಿ ಕಳೆಯುತ್ತಾರೆ. ಹಲವು ಕಸುಬುಗಳಿಗೆ ಇದು ಮೂರು, ಮೂರೂವರೆ ವರ್ಷಗಳ ಅವಧಿ. ಮುಖ್ಯವಾದ ಸಂಗತಿಯೆಂದರೆ, ಕೊನೆಯ ಪರೀಕ್ಷೆಯು ಕಲಿಸಿದ ಯಜಮಾನನ ಕೈಯಲ್ಲಿಲ್ಲ. ವಾಣಿಜ್ಯ ಮಂಡಲಿ ಅಥವಾ ಕಸುಬುದಾರರ ಮಂಡಲಿಯು ನೇಮಿಸುವ ಸಮಿತಿಯಲ್ಲಿ ಯಜಮಾನರ ಪ್ರತಿನಿಧಿಗಳೂ ಕೆಲಸಗಾರರ ಪ್ರತಿನಿಧಿಗಳೂ ಸಮಸಂಖ್ಯೆಯಲ್ಲಿ ಕುಳಿತು, ಉಪಾಧ್ಯಾಯರೊಡಗೂಡಿ ಪರೀಕ್ಷಿಸುತ್ತಾರೆ. ಹೀಗೆ ಎಲ್ಲರೂ ಒಪ್ಪುವ ಯೋಗ್ಯತಾಪತ್ರವು ಹುಟ್ಟುತ್ತದೆ. ಅನೇಕ ಯಜಮಾನರು ಕಲಿಸುವುದರಿಂದ, ಒಬ್ಬನು ಕಳೆದುಕೊಂಡ ಕೆಲಸಗಾರನಿಗೆ ಬದಲು ನುರಿತ ಇನ್ನೊಬ್ಬನು ಸಿಕ್ಕುವನು.

ನಮ್ಮಲ್ಲಿಯೂ ಶಾಸನವಿಲ್ಲದಿಲ್ಲ. 1961ರ ಅಪ್ರೆಂಟಿಸರ ಅಧಿನಿಯಮವು ಕಲಿಯುವವನನ್ನು ಕೂಲಿಯಾಳೆಂದು ಎಣಿಸದೆ ಶಿಕ್ಷಣಾರ್ಥಿಯೆಂದು ಎಣಿಸುತ್ತದೆ. ಅವನೊಡನೆ ಬರಹದ ಕರಾರು ಆಗತಕ್ಕದ್ದು. ಅವನು ಅಪ್ರಾಪ್ತವಯಸ್ಕನಾದರೆ ಪೋಷಕರು ಒಪ್ಪತಕ್ಕದ್ದು. ತಯಾರಿಸಿದ ಸಾಮಾನಿನ ಎಣಿಕೆಯ ಮೇಲೆ ಅವನಿಗೆ ಹಣ ಕೊಡಕೂಡದು. ಈ ಕಡೆಯ ನಿಯಮದಲ್ಲಿ ಎಷ್ಟು ವಿವೇಕವಿದೆ! ಎಣಿಕೆಯ ಆಸೆಗೆ ಬಿದ್ದವನು ಒಂದೇ ಕೆಲಸವನ್ನು ನೂರು ಸಲ ಮಾಡುವನು. ನೂರು ಕೆಲಸಗಳನ್ನು ಕಲಿಯನು. 2019ರ ತಿದ್ದುಪಡಿಯು 30 ಅಥವಾ ಅದಕ್ಕೆ ಮೇಲ್ಪಟ್ಟು ಜನರಿರುವ ಸಂಸ್ಥೆಗಳು ನೂರಕ್ಕೆ 2.5ರಿಂದ 15ರವರೆಗೆ ಅಪ್ರೆಂಟಿಸರನ್ನು ತೆಗೆದುಕೊಳ್ಳತಕ್ಕದ್ದೆಂದು ವಿಧಿಸಿತು; ಅದಕ್ಕಿಂತ ಚಿಕ್ಕವಕ್ಕೆ, ನಾಲ್ಕು ಜನರಿದ್ದರೂ, ಇಚ್ಛೆಯಿದ್ದಲ್ಲಿ ತೆಗೆದುಕೊಳ್ಳುವ ಅವಕಾಶವನ್ನಿತ್ತಿತು.

ಆದರೆ ಬೆಂಗಳೂರಿನ ಪೀಣ್ಯದಂತಹ ಸ್ಥಳದಲ್ಲಿ ಸಣ್ಣ ಕಾರ್ಖಾನೆಗಳೇ ಹೆಚ್ಚು. ಒಂದರಲ್ಲಿ ಲೇತ್ ಉಂಟು, ಮಿಲ್ಲಿಂಗ್ ಯಂತ್ರವಿಲ್ಲ. ಇನ್ನೊಂದರಲ್ಲಿ ಉಕ್ಕಿಗೆ ಹದ ಕೊಡುವ ಕುಲುಮೆಯುಂಟು, ಅಚ್ಚು ಮಾಡುವ ಕೆಲಸವಿಲ್ಲ. ಒಂದೇ ಕಡೆ ಸಮಗ್ರವಾದ ಕಸುಬು ದೊರೆಯದು. ಹಲವು ಯಜಮಾನರು ಕೂಡಿ, ಕಲಿಯುವವರನ್ನು ಒಬ್ಬರ ಕಾರ್ಖಾನೆಯಿಂದ ಇನ್ನೊಬ್ಬರದಕ್ಕೆ ಕಳುಹಿಸುತ್ತ ಕಲಿಸಬಹುದೆಂದು ಅದೇ ಅಧಿನಿಯಮವು ಹೇಳುತ್ತದೆ. ಐದಾರು ಯಜಮಾನರು ಈ ಒಂದು ಮಾತನ್ನು ಮನಸ್ಸಿಗೆ ತಂದುಕೊಂಡರೆ, ಬಡವನ ಮಗನಿಗೂ ಮಗಳಿಗೂ ಒಂದು ಬೀದಿಯೇ ವಿದ್ಯಾಶಾಲೆಯಾದೀತು. ಶಾಲೆಯ ಕಡೆಯಿಂದಲೂ ಕೈ ಚಾಚಬೇಕು. 1972ರಲ್ಲಿ ಡೆನ್ಮಾರ್ಕ್ ದೇಶದ ನೆರವಿನಿಂದ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದ ಡಿಪ್ಲೊಮಾದಲ್ಲಿ ಮೂರು ವರ್ಷದ ಪಾಠದ ಮೇಲೆ ಒಂದು ವರ್ಷದ ಕಾರ್ಖಾನೆಯ ಅಭ್ಯಾಸವು ಸೇರಿರುವುದು ಇಂತಹ ಕೂಡಿಕೆಯ ಒಳ್ಳೆಯ ಮಾದರಿ.

ಯಜಮಾನರಲ್ಲಿ ನನ್ನ ಬಿನ್ನಹವಿಷ್ಟೆ: ಒಳಗೆ ಬಂದ ಹುಡುಗನನ್ನು ಎಷ್ಟು ದುಡಿಸಿದಿರಿ ಎಂದಲ್ಲ, ಅವನು ಹೊರಡುವಾಗ ಏನು ಬಲ್ಲವನಾಗಿದ್ದನು ಎಂದು ಲೆಕ್ಕವಿಡಿರಿ. ತಂದೆತಾಯಿಗಳೂ ಸಹ ಕರಾರಿಗೆ ಸಹಿ ಹಾಕುವ ಮುನ್ನ ಅದನ್ನು ಓದಿಸಿ ಕೇಳಿರಿ. ಯಾವ ತಿಂಗಳಲ್ಲಿ ಯಾವ ಕೆಲಸ ಕಲಿಸುವರು, ಯಾರು ಪರೀಕ್ಷಿಸುವರು ಎಂದು ವಿಚಾರಿಸಿರಿ. ಕೇಳುವ ಹಕ್ಕು ನಿಮಗುಂಟು. ಕಲಿಯುವವನ ಮೂರು ವರ್ಷಗಳು ಮರಳಿ ಬರತಕ್ಕವಲ್ಲ. ಅವು ವ್ಯರ್ಥವಾದರೆ ಆ ನಷ್ಟವನ್ನು ಯಾವ ಭತ್ಯವೂ ತುಂಬಲಾರದು.