ಅಜ್ಜಿಯ ಸರದ ಕಾಸು, ಅದರ ಕೆಳಗಿನ ಐದಕ್ಷರ

ಆಂಡರ್ಸನ್‌ಪೇಟೆಯಿಂದ ಮಾತಾಡ್ತಿದ್ದೀನಿ. ಕೇಳುಗರೊಬ್ರು ಫೋಟೊ ಕಳ್ಸಿದ್ರು. ಅಜ್ಜಿಯ ಸರದಲ್ಲಿದ್ದ ಚಿನ್ನದ ಕಾಸು, ಮೇಲೆ ಎರಡು ತೂತು, ಯಾರೋ ರಾಜನ ಮುಖ, ಸುತ್ತ ಇಂಗ್ಲಿಷ್ ಥರದ ಅಕ್ಷರ. "ಅಣ್ಣಾ, ಅಂಗಡಿಯವ್ರು ಕರಗಿಸಿ ತೂಕಕ್ಕೆ ದುಡ್ಡು ಕೊಡ್ತಾರಂತೆ. ಕೊಟ್ಬಿಡ್ಲಾ?"

ತಡೀರಿ, ಮೊದ್ಲು ಓದೋಣ.

ಅದು ಲ್ಯಾಟಿನ್. 'ಯು' ಇರ್ಬೇಕಾದ ಕಡೆ 'ವಿ' ಇರುತ್ತೆ. ಮುಖದ ಕಡೆ 'ಡಿ ಎನ್' ಅಂತ ಶುರುವಾದ್ರೆ 'ನಮ್ಮ ಒಡೆಯ' ಅಂತ ಅರ್ಥ. ಆಮೇಲೆ ಚಕ್ರವರ್ತಿಯ ಹೆಸರು: ಥಿಯೋಡೋಸಿಯಸ್, ಅನಸ್ತಾಸಿಯಸ್, ಹೀಗೆ. ಕೊನೇಲಿ 'ಎ ವಿ ಜಿ', ಅಂದ್ರೆ ಆಗಸ್ಟಸ್ ಅನ್ನೋ ಬಿರುದು.

ಈಗ ಕಾಸು ತಿರುಗಿಸಿ. ತೀರಾ ಕೆಳಗೆ ಸಿ, ಓ, ಎನ್, ಓ, ಬಿ. ಮೊದಲ ಮೂರಕ್ಷರ ಕಾನ್‌ಸ್ಟಾಂಟಿನೋಪಲ್, ಇವತ್ತಿನ ಇಸ್ತಾಂಬುಲ್. 'ಓ ಬಿ' ಅಂದ್ರೆ ಪುಟಕ್ಕಿಟ್ಟ ಚಿನ್ನ. ಗಣಿ ಊರಿನವ್ರಿಗೆ ಬಿಡಿಸಿ ಹೇಳ್ಬೇಕಾ? ಆ ಕಾಲದ ಹಾಲ್‌ಮಾರ್ಕ್ ಅದು! ಗ್ರೀಕ್ ಲೆಕ್ಕದಲ್ಲಿ ಅದೇ ಎರಡಕ್ಷರಕ್ಕೆ 72 ಅಂತಾನೂ ಬೆಲೆ. ಒಂದು ರೋಮನ್ ಪೌಂಡ್ ಚಿನ್ನಕ್ಕೆ 72 ನಾಣ್ಯ, ಒಂದೊಂದೂ ಸುಮಾರು 4.5 ಗ್ರಾಂ. ಹಿಂಭಾಗದ ಬರಹದ ತುದೀಲಿ ಒಂಟಿ ಗ್ರೀಕ್ ಅಕ್ಷರ ಇದ್ರೆ, ಟಂಕಸಾಲೆಯ ಯಾವ ವಿಭಾಗ ಅಂತ ಸುಳಿವು. ನನ್ನಂಥ ಬಿ.ಕಾಂ.ನವ್ರಿಗೆ ಇದು ಬಲು ಇಷ್ಟ: ತೂಕದಲ್ಲಿ ಮೋಸ ಆದ್ರೆ ಯಾರನ್ನ ಹಿಡೀಬೇಕು ಅಂತ ಗೊತ್ತಾಗುತ್ತಲ್ಲ!

ಇಷ್ಟು ದೂರ ಬಂದಿದ್ವಾ ಅಂತೀರಾ? ಹಾವೇರಿ ಜಿಲ್ಲೆಯ ಅಕ್ಕಿಆಲೂರಲ್ಲಿ ಸಿಕ್ಕ ನಿಧಿಯಲ್ಲಿ ಇದೇ ಕಾಲದ ಚಿನ್ನದ ನಾಣ್ಯಗಳಿದ್ವು. 1891ರಲ್ಲಿ ಯಶವಂತಪುರದಲ್ಲಿ ಸಿಕ್ಕಿದ್ದು ಬೆಳ್ಳಿಯವು, ನೂರಾರು ವರ್ಷ ಹಳೇವು. ಅವುಗಳಲ್ಲಿ ಈ ಗುರುತು ಹುಡುಕ್ಬೇಡಿ.

ಇನ್ನು ಆ ಎರಡು ತೂತು. ದಕ್ಷಿಣ ಭಾರತದಲ್ಲಿ ಸಿಕ್ಕ ಇಂಥ ಎಷ್ಟೋ ನಾಣ್ಯಗಳಲ್ಲಿ ರಾಜನ ತಲೆಯ ಮೇಲೇ ತೂತು, ಕೊರಳಲ್ಲಿ ಮುಖ ನೆಟ್ಟಗೆ ಕೂರಲಿ ಅಂತ. ಅಕ್ಷರ ಸುಮ್ನೆ ಗೀಚಿದ ಹಾಗಿದ್ರೆ, ಲ್ಯಾಟಿನ್ ಬಾರದ ಇಲ್ಲಿನ ಅಕ್ಕಸಾಲಿಗರು ನೋಡಿ ಮಾಡಿದ ನಕಲಿರಬಹುದು. ನನಗೆ ಕೇಳಿದ್ರೆ, ಆ ನಕಲೇ ಇನ್ನೂ ಮಜಾ.

ಆದ್ರೆ ಅಕ್ಷರ ಸರಿಯಿದ್ದ ಮಾತ್ರಕ್ಕೆ ಅಸಲಿ ಅನ್ಕೋಬೇಡಿ, ಇವತ್ತಿನ ಅಚ್ಚಿನವ್ರಿಗೂ ಓದೋಕೆ ಬರುತ್ತೆ. ಉಜ್ಜಿ ತೊಳೀಬೇಡಿ. ಎರಡೂ ಕಡೆ ಫೋಟೊ ತೆಗ್ದು, ತೂಕ ಬರ್ಕೊಂಡು ಪುರಾತತ್ವ ಇಲಾಖೆಯವ್ರಿಗೆ ತೋರ್ಸಿ. ಮನೆ ಸರದ ಕಾಸಿನ ವಿಷಯ ಬೇರೆ. ಪಾಯ ತೋಡುವಾಗ ಮಣ್ಣಲ್ಲಿ ಸಿಕ್ಕಿದ್ರೆ ಸರ್ಕಾರಕ್ಕೆ ತಿಳಿಸ್ಲೇಬೇಕು, ಅದಕ್ಕೆ ಕಾಯ್ದೆನೇ ಇದೆ.